ಅಂಗಳಕ್ಕೆ ಎತ್ತಿ ತರಬಹುದಾದ ದೂರದರ್ಶಕ

(ಚಿಕ್ಕಮಗಳೂರಿನಲ್ಲಿ ಶಿಕ್ಷಕರು ಹಾಗೂ ಆಕಾಶ ವೀಕ್ಷಣೆಯ ಆಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ನಾನು ಮೊದಲ ಬಾರಿಗೆ ಕೊಂಡ ದೂರದರ್ಶಕದ ಪೆಟ್ಟಿಗೆಯ ಮೇಲೆ 525 ಎಂಬ ಅಂಕಿ ಹೆಬ್ಬೆರಳಿನಷ್ಟು ದಪ್ಪಕ್ಕೆ ಅಚ್ಚಾಗಿತ್ತು. ಅದರ ಪಕ್ಕದಲ್ಲೇ ಬಾಹ್ಯಾಕಾಶ ನೌಕೆಯೊಂದು ತೆಗೆದ ಶನಿಯ ಬಣ್ಣದ ಚಿತ್ರವಿತ್ತು. ಹಾಸನದ ನಮ್ಮ ಮನೆಯ ತಾರಸಿಯ ಮೇಲೆ ಅದನ್ನು ಜೋಡಿಸಿ, ಕೊಟ್ಟ ಹಣ ವಸೂಲಾಗಲೆಂದು 525 ಪಟ್ಟು ಹಿಗ್ಗಿಸುವ ಜೋಡಣೆಯನ್ನೇ ಮೊದಲು ಹಾಕಿ, ಅರ್ಧ ಗಂಟೆ ತಡಕಾಡಿದ ಮೇಲೆ ಶನಿಯನ್ನು ಹಿಡಿದೆ. ಕಂಡದ್ದು ಬೂದಿ ಬಣ್ಣದ ಒಂದು ಮುದ್ದೆ. ಗಾಳಿ ಬೀಸದಿದ್ದರೂ ಅದು ಒಂದೇ ಸಮನೆ ಅದುರುತ್ತಿತ್ತು. ಸರದಿಗಾಗಿ ಕಾದು ನಿಂತಿದ್ದ ಅಣ್ಣನ ಆರು ವರ್ಷದ ಮಗಳು ಕಣ್ಣಿಟ್ಟು ನೋಡಿ, "ಚಿಕ್ಕಪ್ಪ, ಶನಿಗೆ ಚಳಿ ಆಗ್ತಿದೆಯಾ?" ಎಂದು ಕೇಳಿದಳು.

ನಡುಗುತ್ತಿದ್ದುದು ಶನಿಯಲ್ಲ ಎಂಬುದು ನನಗೆ ಗೊತ್ತಿತ್ತು. ಏನೇನು ನಡುಗುತ್ತಿತ್ತು ಎಂಬುದನ್ನು ತಿಳಿಯಲು ಮಾತ್ರ ಕೆಲವು ವರ್ಷಗಳೇ ಹಿಡಿದವು. ಚಂದ್ರ ಮತ್ತು ಗ್ರಹಗಳನ್ನು ನೋಡಲು ಚಿಕ್ಕದೊಂದು ದೂರದರ್ಶಕ ಕೊಳ್ಳಬೇಕೆಂದಿರುವ ನಿಮಗೆ ಆ ವರ್ಷಗಳು ಉಳಿಯಲಿ ಎಂಬುದು ಈ ಮಾತಿನ ಆಸೆ.

ಮೊದಲು ಆ 525ರ ಲೆಕ್ಕ. ದೂರದರ್ಶಕದ ಮುಖ್ಯ ಮಸೂರದ ಅಥವಾ ದರ್ಪಣದ ಸಂಗಮದೂರವನ್ನು, ಅಂದರೆ ಅದು ಬೆಳಕನ್ನು ಒಂದು ಬಿಂದುವಿನಲ್ಲಿ ಸೇರಿಸುವ ದೂರವನ್ನು, ನೀವು ಕಣ್ಣಿಡುವ ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು ಸಿಗುತ್ತದೆ. ನನ್ನದರ ಸಂಗಮದೂರ 700 ಮಿ.ಮೀ., ಜೊತೆಗೆ ಬಂದ ಅತಿ ಚಿಕ್ಕ ಐಪೀಸ್ 4 ಮಿ.ಮೀ.; ಭಾಗಿಸಿದರೆ 175. ಅದಕ್ಕೆ ಮೂರು ಪಟ್ಟು ಮಾಡುವ ಪ್ಲಾಸ್ಟಿಕ್ಕಿನ ಬಾರ್ಲೋ ಮಸೂರವನ್ನು ಸೇರಿಸಿದರೆ 525. ಅಂಕಗಣಿತದಲ್ಲಿ ಎಲ್ಲಿಯೂ ಸುಳ್ಳಿಲ್ಲ. ಆದರೆ ಮುಂದಿನ ಮಸೂರದ ವ್ಯಾಸ ಬರೀ 60 ಮಿ.ಮೀ. ಇತ್ತು, ಮತ್ತು ಒಂದು ದೂರದರ್ಶಕ ಉಪಯೋಗಕ್ಕೆ ಬರುವಂತೆ ಹಿಗ್ಗಿಸಬಲ್ಲದ್ದು ಹೆಚ್ಚೆಂದರೆ ಮಿಲಿಮೀಟರಿಗೆ ಎರಡು ಪಟ್ಟಿನಂತೆ, ಅಂದರೆ 60ಕ್ಕೆ 120 ಪಟ್ಟು ಮಾತ್ರ. ಅದರ ಮೇಲೆ ಹಿಗ್ಗಿಸುವುದೆಂದರೆ ಒಂದು ಲೋಟ ಮಜ್ಜಿಗೆಗೆ ಇನ್ನೂ ನಾಲ್ಕು ಲೋಟ ನೀರು ಹೊಯ್ಯುವುದು. ಅಳತೆ ಹೆಚ್ಚುತ್ತದೆ, ಮಜ್ಜಿಗೆ ಹೆಚ್ಚುವುದಿಲ್ಲ. ಆದ್ದರಿಂದ ಪಟ್ಟುಗಳನ್ನು ದೊಡ್ಡದಾಗಿ ಬರೆದ ಪೆಟ್ಟಿಗೆಯನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿ.

ಕೇಳಬೇಕಾದ ಅಂಕಿ ವ್ಯಾಸದ್ದು. ಅದು ಎಷ್ಟು ಸೂಕ್ಷ್ಮವಾದ ವಿವರವನ್ನು ಬಿಡಿಸಿ ತೋರಿಸುತ್ತದೆ ಎಂಬುದಕ್ಕೆ ಸರಳ ಸೂತ್ರವಿದೆ: 116ನ್ನು ಮಿಲಿಮೀಟರಿನಲ್ಲಿರುವ ವ್ಯಾಸದಿಂದ ಭಾಗಿಸಿದರೆ ಬರುವುದು ಆರ್ಕ್ ಸೆಕೆಂಡುಗಳಲ್ಲಿ ಅದರ ಮಿತಿ, ಒಂದು ಡಿಗ್ರಿಯಲ್ಲಿ 3,600 ಆರ್ಕ್ ಸೆಕೆಂಡುಗಳಿವೆ. ಈ ಮಿತಿಯನ್ನು ಚಂದ್ರನ ಸರಾಸರಿ ದೂರವಾದ 3,84,400 ಕಿ.ಮೀ.ಗೆ ಅನ್ವಯಿಸಿದರೆ, 60 ಮಿ.ಮೀ. ದೂರದರ್ಶಕಕ್ಕೆ ಚಂದ್ರನ ನೆಲದ ಮೇಲೆ ಸುಮಾರು 3.6 ಕಿ.ಮೀ., 100 ಮಿ.ಮೀ.ಗೆ ಸುಮಾರು 2.2 ಕಿ.ಮೀ. ಅಂತರದ ವಿವರಗಳು ಬೇರೆಬೇರೆಯಾಗಿ ಕಾಣುತ್ತವೆ. ಕೋಪರ್ನಿಕಸ್ ಎಂಬ ಕುಳಿಯ ಅಡ್ಡಗಲ 93 ಕಿ.ಮೀ.; ಹಾಸನದಿಂದ ಚಿಕ್ಕಮಗಳೂರಿಗೆ ರಸ್ತೆಯಲ್ಲಿ ಬಂದರೂ ಸುಮಾರು 60 ಕಿ.ಮೀ. ಆಗುತ್ತದೆ, ಅಂದರೆ ನಮ್ಮ ಎರಡೂ ಊರುಗಳು, ನಡುವಿನ ಬೇಲೂರೂ ಸೇರಿ, ಆ ಒಂದು ಕುಳಿಯೊಳಗೆ ಹಿಡಿಸುತ್ತವೆ. ಅಷ್ಟು ದೊಡ್ಡದನ್ನು ಯಾವ ದೂರದರ್ಶಕವೂ ತೋರಿಸುತ್ತದೆ. ಅದರ ಒಳಗೋಡೆಯ ಮೆಟ್ಟಿಲುಗಳನ್ನೂ ನಡುವಿನ ಬೆಟ್ಟಗಳ ಗುಂಪನ್ನೂ ಚೊಕ್ಕವಾಗಿ ಬಿಡಿಸಿ ತೋರಿಸುವಲ್ಲಿ 100 ಮಿ.ಮೀ. ತನ್ನ ಬೆಲೆಯನ್ನು ಸಮರ್ಥಿಸಿಕೊಳ್ಳುತ್ತದೆ.

ಹಾಗಾದರೆ ಎಷ್ಟು ಪಟ್ಟು ಸಾಕು? 1610ರ ಜನವರಿ 7ರಂದು ಗುರುವಿನ ಪಕ್ಕದ ಚುಕ್ಕಿಗಳನ್ನು ಗಮನಿಸಿದ ಗೆಲಿಲಿಯೋನ ಬಳಿ ಇದ್ದದ್ದು ಸುಮಾರು 20 ಪಟ್ಟಿನ ಕೊಳವೆ. ಗುರು ನಮಗೆ ಹತ್ತಿರವಿರುವಾಗ ಅದರ ತಟ್ಟೆಯ ತೋರಿಕೆಯ ಅಗಲ ಸುಮಾರು 45 ಆರ್ಕ್ ಸೆಕೆಂಡು. 40 ಪಟ್ಟು ಹಿಗ್ಗಿಸಿದರೆ ಅದು ಬರಿಗಣ್ಣಿಗೆ ಕಾಣುವ ಹುಣ್ಣಿಮೆಯ ಚಂದ್ರನಷ್ಟಾಗುತ್ತದೆ. ಇದನ್ನು ಹೇಳಿದಾಗ ಯಾರೂ ನಂಬುವುದಿಲ್ಲ, ಏಕೆಂದರೆ ಐಪೀಸಿನ ಕಪ್ಪು ವೃತ್ತದ ನಡುವೆ ನಿಂತ ಗುರು ಬಟಾಣಿಯಷ್ಟೇ ಎಂದು ಮನಸ್ಸು ಹಟ ಹಿಡಿಯುತ್ತದೆ. ಚಂದ್ರನೂ ಗುರುವೂ ಅಕ್ಕಪಕ್ಕ ಬಂದ ರಾತ್ರಿ ಒಂದು ಕಣ್ಣು ಐಪೀಸಿನಲ್ಲಿ, ಇನ್ನೊಂದು ಕಣ್ಣು ಆಕಾಶದಲ್ಲಿ ಇಟ್ಟು ಹೋಲಿಸಿ ನೋಡಿ. ಶನಿಗೆ ಉಂಗುರವೂ ಸೇರಿದರೆ ಅಗಲ ಹೆಚ್ಚುಕಡಿಮೆ ಅಷ್ಟೇ. ಮೋಡದ ಪಟ್ಟಿಗಳು, ಉಂಗುರದ ನಡುವಿನ ಕರಿಗೆರೆ ಇವುಗಳಿಗಾಗಿ 120ರಿಂದ 160 ಪಟ್ಟಿನವರೆಗೆ ಹೋಗಬೇಕಾಗುತ್ತದೆ. ಅದರ ಮೇಲೆ ಹೋಗುವ ಅವಕಾಶವನ್ನು ನಮ್ಮ ಗಾಳಿ ವರ್ಷದಲ್ಲಿ ಕೆಲವೇ ರಾತ್ರಿ ಕೊಡುತ್ತದೆ.

ಈಗ ಬಗೆಗಳ ವಿಚಾರ. ಮಸೂರದ ದೂರದರ್ಶಕಗಳಲ್ಲಿ ಗಿಡ್ಡ ಕೊಳವೆಯವು, ಉದಾಹರಣೆಗೆ 80 ಮಿ.ಮೀ. ವ್ಯಾಸ ಮತ್ತು 400 ಮಿ.ಮೀ. ಸಂಗಮದೂರದವು, ಚೀಲದಲ್ಲಿ ಹಿಡಿಸುತ್ತವೆ, ನಕ್ಷತ್ರಗಳ ಗುಂಪುಗಳಿಗೆ ಸೊಗಸಾಗಿವೆ. ಆದರೆ ಚಂದ್ರನ ಅಂಚಿಗೂ ಶುಕ್ರನ ಸುತ್ತಲೂ ನೇರಳೆ ಬಣ್ಣದ ಸೆರಗು ಹಚ್ಚುತ್ತವೆ. ಉದ್ದ ಕೊಳವೆಯವುಗಳಲ್ಲಿ ಆ ದೋಷ ಕಡಿಮೆ, ಆದರೆ 90 ಮಿ.ಮೀ. ವ್ಯಾಸಕ್ಕೆ 900 ಮಿ.ಮೀ. ಉದ್ದದ ಕೊಳವೆಯೆಂದರೆ ಅದು ಚಿಕ್ಕ ದೂರದರ್ಶಕವಲ್ಲ. ವಿಶೇಷ ಗಾಜಿನವು ಎರಡೂ ದೋಷಗಳನ್ನು ನೀಗಿಸುತ್ತವೆ ಮತ್ತು ಜೇಬನ್ನೂ ಖಾಲಿ ಮಾಡುತ್ತವೆ.

ನಾನು ಒಲಿದಿರುವುದು ಮಕ್ಸುತೋವ್ ಬಗೆಗೆ. ಸೋವಿಯತ್ ದೃಗ್ವಿಜ್ಞಾನಿ ದಿಮಿತ್ರಿ ಮಕ್ಸುತೋವ್ 1941ರಲ್ಲಿ ರೂಪಿಸಿದ ವಿನ್ಯಾಸವಿದು. ಕೊಳವೆಯ ಬಾಯಿಗೆ ಬಟ್ಟಲಿನಂತೆ ಒಳಕ್ಕೆ ಬಾಗಿದ ದಪ್ಪ ಗಾಜು. ಬೆಳಕು ಅದನ್ನು ದಾಟಿ, ತಳದಲ್ಲಿರುವ ನಿಮ್ನ ದರ್ಪಣಕ್ಕೆ ಬಡಿದು, ಮೇಲಕ್ಕೆ ಮರಳಿ, ಅದೇ ಗಾಜಿನ ಒಳಮೈಯ ನಡುವೆ ಬಳಿದ ಬೊಟ್ಟಿನಷ್ಟು ಕನ್ನಡಿಯಿಂದ ಮತ್ತೆ ಹಿಂದಕ್ಕೆ ತಿರುಗಿ, ದರ್ಪಣದ ನಡುವಿನ ತೂತಿನ ಮೂಲಕ ನಿಮ್ಮ ಕಣ್ಣಿಗೆ ಬರುತ್ತದೆ. ಹೀಗೆ ಬೆಳಕಿನ ದಾರಿಯನ್ನು ಮಡಚಿರುವುದರಿಂದ 102 ಮಿ.ಮೀ. ವ್ಯಾಸದ, 1,300 ಮಿ.ಮೀ. ಸಂಗಮದೂರದ ಉಪಕರಣ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದಕ್ಕಿಂತಲೂ ಗಿಡ್ಡ ಕೊಳವೆಯಲ್ಲಿ ಅಡಗುತ್ತದೆ. ಹಾಸನದವರಾದ ನಾವು 1982ರಿಂದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಾದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯ ದೊಡ್ಡ ತಟ್ಟೆಗಳ ಊರಿನವರು. ದೊಡ್ಡ ಆಂಟೆನಾಗಳಲ್ಲಿ ತಟ್ಟೆಯ ಎದುರು ಚಿಕ್ಕದೊಂದು ಪ್ರತಿಫಲಕವನ್ನು ನಿಲ್ಲಿಸಿ, ಅಲೆಗಳನ್ನು ಮತ್ತೆ ತಟ್ಟೆಯ ನಡುವಿಗೇ ಕಳಿಸುವ ಏರ್ಪಾಡು ಸಾಮಾನ್ಯ. ಅದಕ್ಕೂ ಈ ಕೊಳವೆಗೂ ತತ್ತ್ವ ಒಂದೇ. ಮಕ್ಕಳಿಗೆ ಕಲಿಸುವವರು ಈ ಸಂಬಂಧವನ್ನು ಕರಿಹಲಗೆಯ ಮೇಲೆ ಒಮ್ಮೆ ಬಿಡಿಸಿ ತೋರಿಸಿದರೆ ಒಂದು ಪಾಠಕ್ಕೆ ಆಗುವಷ್ಟು ವಿಷಯವಿದೆ.

ಸಂಗಮದೂರ ಹೆಚ್ಚಿರುವುದರಿಂದ 10 ಮಿ.ಮೀ.ನ ಸಾಧಾರಣ ಐಪೀಸಿನಲ್ಲೇ 130 ಪಟ್ಟು ದಕ್ಕುತ್ತದೆ, 4 ಮಿ.ಮೀ.ನ ಸೂಜಿಯ ಕಣ್ಣಿನಂತಹ ಐಪೀಸಿಗೆ ಕಣ್ಣು ಚುಚ್ಚಿಕೊಳ್ಳಬೇಕಿಲ್ಲ. ಕೊಳವೆ ಮುಚ್ಚಿರುವುದರಿಂದ ಧೂಳು ಒಳಗೆ ಹೋಗುವುದು ಕಡಿಮೆ, ದರ್ಪಣಗಳನ್ನು ಮತ್ತೆ ಮತ್ತೆ ಸರಿಹೊಂದಿಸುವ ಕೆಲಸವೂ ಇಲ್ಲವೆನ್ನುವಷ್ಟು ಕಡಿಮೆ. ಇದರ ಕೊರತೆಯನ್ನೂ ಹೇಳಿಬಿಡಬೇಕು. 25 ಮಿ.ಮೀ. ಐಪೀಸಿನಲ್ಲಿ ಕಾಣುವ ಆಕಾಶದ ಅಗಲ ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು ಮಾತ್ರ. ಕೃತ್ತಿಕೆ ಇಡಿಯಾಗಿ ಹಿಡಿಸುವುದಿಲ್ಲ. ನಮಗೆ ಬೇಕಾದದ್ದು ಚಂದ್ರ ಮತ್ತು ಗ್ರಹಗಳಾದ್ದರಿಂದ ಈ ಕೊರತೆಯೊಡನೆ ಬದುಕಬಹುದು.

ಹಣ ಅಷ್ಟು ಹೊಂದದಿದ್ದರೆ ಮೇಜಿನ ಮೇಲಿಡುವ ಡಾಬ್ಸೋನಿಯನ್, ಅಂದರೆ ಸರಳ ಪೀಠದ ಮೇಲೆ ತಿರುಗುವ ದರ್ಪಣದ ದೂರದರ್ಶಕ, ಒಳ್ಳೆಯ ಆಯ್ಕೆ. ಸ್ಕೈವಾಚರ್ ಹೆರಿಟೇಜ್ 130ಪಿ ಈ ಜಾತಿಯದು: 130 ಮಿ.ಮೀ. ದರ್ಪಣ, 650 ಮಿ.ಮೀ. ಸಂಗಮದೂರ, ಒಳಕ್ಕೆ ಜಾರಿ ಕುಗ್ಗುವ ಕೊಳವೆ, ಮರದ ಪುಟ್ಟ ಪೀಠ. ಕೊಟ್ಟ ರೂಪಾಯಿಗೆ ಸಿಗುವ ಬೆಳಕಿನ ಲೆಕ್ಕದಲ್ಲಿ ಮಕ್ಸುತೋವನ್ನು ಇದು ಸುಲಭವಾಗಿ ಸೋಲಿಸುತ್ತದೆ. ಆದರೆ ದರ್ಪಣಗಳನ್ನು ಆಗಾಗ ಸರಿಹೊಂದಿಸಲು ಕಲಿಯಬೇಕು, ಮತ್ತು ಇಡುವ ಮೇಜು ಗಟ್ಟಿಯಾಗಿರಬೇಕು. ಪ್ಲಾಸ್ಟಿಕ್ ಸ್ಟೂಲಿನ ಮೇಲಿಟ್ಟು ದೂರದರ್ಶಕವನ್ನು ಬೈಯುವವರನ್ನು ನಾನು ಕಂಡಿದ್ದೇನೆ. ಮೂಡಿಗೆರೆಯ ಕಡೆಯ ಸ್ನೇಹಿತರೊಬ್ಬರು ತಮ್ಮದನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲಿಡುತ್ತಾರೆ. ಸೊಂಟದೆತ್ತರ, ಚಪ್ಪಟೆ ಮೈ, ನೆಲಕ್ಕೆ ಸಿಮೆಂಟಿನಲ್ಲಿ ಕಚ್ಚಿಕೊಂಡ ಬುಡ. ಅದಕ್ಕಿಂತ ಗಟ್ಟಿಯಾದ ಪೀಠವನ್ನು ಯಾವ ಕಾರ್ಖಾನೆಯೂ ಮಾಡಿಕೊಡಲಾರದು.

ಇದೇ ಸಾಲಿನಲ್ಲಿ ಒಂದು ಬಲೆಯಿದೆ. ದರ್ಪಣದ ದೂರದರ್ಶಕವೊಂದರ ಮೇಲೆ 114 ಮಿ.ಮೀ. ವ್ಯಾಸ, 1,000 ಮಿ.ಮೀ. ಸಂಗಮದೂರ ಎಂದು ಬರೆದಿದ್ದು, ಐಪೀಸು ಕೊಳವೆಯ ಮುಂತುದಿಯ ಪಕ್ಕದಲ್ಲಿದ್ದು, ಕೊಳವೆಯ ಉದ್ದ ಮಾತ್ರ ಅರ್ಧ ಮೀಟರ್ ಇದ್ದರೆ, ಒಳಗೆ ಸಂಗಮದೂರವನ್ನು ಹಿಗ್ಗಿಸುವ ಮಸೂರವೊಂದನ್ನು ಹುದುಗಿಸಿದ್ದಾರೆಂದು ತಿಳಿಯಿರಿ. ಅಗ್ಗದ ಮಾದರಿಗಳಲ್ಲಿ ಆ ಮಸೂರ ಬಿಂಬವನ್ನು ಮೆತ್ತಗಾಗಿಸುತ್ತದೆ, ದರ್ಪಣಗಳನ್ನು ಸರಿಹೊಂದಿಸುವ ಕೆಲಸವನ್ನು ಗೋಜಲು ಮಾಡುತ್ತದೆ. ಅಂಗಡಿಗೆ ಹೋಗುವಾಗ ಒಂದು ಅಳತೆ ಟೇಪು ಒಯ್ಯಿರಿ, ಸಾಕು.

ಕೊಳವೆಗಿಂತ ಹೆಚ್ಚು ಹೊತ್ತು ಸ್ಟ್ಯಾಂಡಿನ ಬಗ್ಗೆ ಮಾತಾಡಬೇಕೆಂದು ನನ್ನ ಇಚ್ಛೆ, ಏಕೆಂದರೆ ಶನಿಯ ಚಳಿಯ ದೊಡ್ಡ ಪಾಲು ಇದ್ದದ್ದು ಅಲ್ಲಿ. ತೆಳ್ಳಗಿನ ಅಲ್ಯೂಮಿನಿಯಂ ಕಾಲುಗಳ ಮೇಲೆ ನಿಂತ ಕೊಳವೆ, ಬೆರಳು ತಾಗಿದರೂ ಸಾಕು, ಐದಾರು ಸೆಕೆಂಡು ತೂಗಾಡುತ್ತದೆ. 130 ಪಟ್ಟಿನಲ್ಲಿ ಆ ತೂಗಾಟವೂ 130 ಪಟ್ಟಾಗುತ್ತದೆ. ಪರೀಕ್ಷೆ ಸುಲಭ. ದೂರದ ಮೊಬೈಲ್ ಟವರಿನ ತುದಿಯನ್ನು ಐಪೀಸಿನಲ್ಲಿ ಹಿಡಿದು, ಕೊಳವೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಒಂದು, ಎರಡು ಎಂದು ಎಣಿಸಿ. ಎರಡು ಎನ್ನುವಷ್ಟರಲ್ಲಿ ಬಿಂಬ ನಿಂತರೆ ಆ ಸ್ಟ್ಯಾಂಡು ನಿಮ್ಮ ಜೊತೆ ಬಾಳುತ್ತದೆ.

ನಮ್ಮ ಜಿಲ್ಲೆಗಳಿಗೇ ಸೇರಿದ ಒಂದು ವಿಚಾರವನ್ನು ಹೊರದೇಶದ ಸಲಹೆಗಳಲ್ಲಿ ನೀವು ಕಾಣುವುದಿಲ್ಲ. ಹಾಸನವೂ ಚಿಕ್ಕಮಗಳೂರೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಆಕಾಶದ ತಿರುಗುವಿಕೆಯನ್ನು ಒಂದೇ ಅಕ್ಷದ ಮೇಲೆ ಹಿಂಬಾಲಿಸುವ ಈಕ್ವಟೋರಿಯಲ್ ಎಂಬ ಬಗೆಯ ಸ್ಟ್ಯಾಂಡಿನ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ತಿರುಗಿಸಿ ನಿಲ್ಲಿಸಬೇಕು, ಮತ್ತು ನಮ್ಮಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 13 ಡಿಗ್ರಿ ಮಾತ್ರ ಮೇಲಿರುತ್ತದೆ. ತೋಟದಲ್ಲಿ ನಿಂತರೆ ಅದು ಸಿಲ್ವರ್ ಓಕ್ ಮರಗಳ ಹಿಂದೆ, ಊರಿನಲ್ಲಿ ನಿಂತರೆ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ. ಅಕ್ಷವನ್ನು ಅಷ್ಟು ತಗ್ಗಿಸಿದಾಗ ಹಲವು ಅಗ್ಗದ ಸ್ಟ್ಯಾಂಡುಗಳಲ್ಲಿ ಸಮತೂಕದ ಭಾರ ಹೊತ್ತ ಸರಳು ಕಾಲಿಗೆ ತಾಗುತ್ತದೆ. ಎಡ-ಬಲಕ್ಕೂ ಮೇಲೆ-ಕೆಳಗೂ ತಿರುಗುವ ಸರಳ ಸ್ಟ್ಯಾಂಡನ್ನು, ಸಾಧ್ಯವಾದರೆ ಮೆಲ್ಲಗೆ ಸರಿಸುವ ತಿರುಪುಗಳಿರುವುದನ್ನು, ಕೊಂಡರೆ ಈ ರಗಳೆ ಇಲ್ಲ.

ಅದೇ 13 ಡಿಗ್ರಿ ನಮಗೆ ಕೊಟ್ಟ ವರವೂ ಇದೆ. ಗ್ರಹಗಳು ದಕ್ಷಿಣಕ್ಕೆ ಎಷ್ಟೇ ಸರಿದ ವರ್ಷದಲ್ಲೂ, ಆಕಾಶದ ಉತ್ತರ-ದಕ್ಷಿಣ ನಡುಗೆರೆ ದಾಟುವ ಹೊತ್ತಿಗೆ ನಮಗೆ ದಿಗಂತದಿಂದ ಸುಮಾರು 50 ಡಿಗ್ರಿ ಎತ್ತರದಲ್ಲಿರುತ್ತವೆ. ಅಂಥ ವರ್ಷದಲ್ಲಿ ಲಂಡನ್ನಿನವರಿಗೆ ಸಿಗುವುದು ಸುಮಾರು 15 ಡಿಗ್ರಿ ಮಾತ್ರ. ಎತ್ತರ ಹೆಚ್ಚಿದಷ್ಟೂ ಬೆಳಕು ದಾಟಬೇಕಾದ ಗಾಳಿಯ ಪದರ ತೆಳುವಾಗುತ್ತದೆ. 2027ರ ಫೆಬ್ರವರಿಯನ್ನು ಈಗಲೇ ಗುರುತು ಹಾಕಿಕೊಳ್ಳಿ. ಆ ತಿಂಗಳ 10ರ ಸುಮಾರಿಗೆ ಗುರುವೂ 19ರ ಸುಮಾರಿಗೆ ಮಂಗಳನೂ ಸೂರ್ಯನಿಗೆ ಎದುರಾಗಿ ಬರುತ್ತವೆ. ಮೋಡವಿಲ್ಲದ ಕಾಲ, ಇಬ್ಬರೂ ರಾತ್ರಿಯಿಡೀ ಆಕಾಶದಲ್ಲಿ, ನಡುರಾತ್ರಿ ನಮ್ಮ ನೆತ್ತಿಗೆ ತೀರ ಹತ್ತಿರ. ಮಂಗಳನ ತಟ್ಟೆ ಆಗಲೂ 14 ಆರ್ಕ್ ಸೆಕೆಂಡು ಮಾತ್ರವಾದ್ದರಿಂದ 130 ಪಟ್ಟು ಹಿಗ್ಗಿಸಿದ ಮೇಲೆಯೇ ಅದು ಚಂದ್ರನಷ್ಟಾಗುವುದು. ನೆತ್ತಿಯ ಗ್ರಹಕ್ಕೆ ಕೊಳವೆಯನ್ನು ಲಂಬವಾಗಿ ನಿಲ್ಲಿಸಬೇಕಾಗುತ್ತದೆ. ಉದ್ದ ಕೊಳವೆಯ ಬಾಲ ಸ್ಟ್ಯಾಂಡಿನ ಕಾಲಿಗೆ ಹೊಡೆಯುತ್ತದೆ, ನೋಡುವವನು ನೆಲದ ಮೇಲೆ ಅಂಗಾತ ಮಲಗಬೇಕಾಗುತ್ತದೆ. ಗಿಡ್ಡ ಮಕ್ಸುತೋವಿಗೆ ಈ ತೊಡಕು ಕಡಿಮೆ. ಬೆಳಕನ್ನು ಮೊಣಕೈಯಂತೆ ತಿರುಗಿಸುವ ಡಯಾಗನಲ್ ಹಾಕಿದರೆ ಕುರ್ಚಿಯಲ್ಲಿ ಕುಳಿತೇ ನೆತ್ತಿಯನ್ನು ನೋಡಬಹುದು. ಕೊಳ್ಳುವ ಮುನ್ನ ಅಂಗಡಿಯವರ ಎದುರಿಗೇ ಕೊಳವೆಯನ್ನು ನೆಟ್ಟಗೆ ಮೇಲಕ್ಕೆ ತಿರುಗಿಸಿ ನೋಡಿ.

ಇನ್ನು ಗಾಳಿ. ಮಧ್ಯಾಹ್ನ ಬೇಲೂರು ರಸ್ತೆಯಲ್ಲಿ ಹೋಗುವಾಗ ದೂರದ ಡಾಂಬರಿನ ಮೇಲೆ ನೀರು ನಿಂತಂತೆ, ಎದುರಿನ ಬಸ್ಸು ಕುಣಿದಂತೆ ಕಾಣುತ್ತದಲ್ಲವೇ? ಕಾದ ಗಾಳಿ ಮೇಲೇಳುವಾಗ ಬೆಳಕನ್ನು ಹಾಗೆ ಬಾಗಿಸುತ್ತದೆ. ರಾತ್ರಿ ಸಿಮೆಂಟಿನ ತಾರಸಿ ಮಾಡುವುದೂ ಅದನ್ನೇ. ಸುಗ್ಗಿಯ ಕಾಲದಲ್ಲಿ, ಅಂದರೆ ನಮಗೆ ಆಕಾಶ ಚೆನ್ನಾಗಿರುವ ತಿಂಗಳುಗಳಲ್ಲೇ, ಕಾಫಿ ಒಣಗಿಸುವ ಕಣ ಇನ್ನೂ ದೊಡ್ಡ ಅಪರಾಧಿ. ನೋಡಲು ವಿಶಾಲ, ಮರಗಳ ಅಡ್ಡಿಯಿಲ್ಲ, ಎಲ್ಲರೂ ದೂರದರ್ಶಕವನ್ನು ಅಲ್ಲಿಯೇ ಇಡುತ್ತಾರೆ, ಆದರೆ ಹಗಲೆಲ್ಲ ಕುಡಿದ ಬಿಸಿಲನ್ನು ಅದು ಹತ್ತು ಗಂಟೆಯವರೆಗೂ ಉಗುಳುತ್ತಿರುತ್ತದೆ. ಹುಲ್ಲಿನ ಅಥವಾ ಮಣ್ಣಿನ ನೆಲಕ್ಕೆ ಇಪ್ಪತ್ತು ಹೆಜ್ಜೆ ಸರಿಯಿರಿ. ಅದೇ ಗುರು, ಅದೇ ಉಪಕರಣ, ಪಟ್ಟಿಗಳ ಸಂಖ್ಯೆ ಎರಡರಿಂದ ನಾಲ್ಕಾದದ್ದನ್ನು ನಾನು ನೋಡಿದ್ದೇನೆ. ಮನೆಯೊಳಗಿನ ಬೆಚ್ಚಗೂ ಹೊರಗಿನ ಚಳಿಗೂ ಅಂತರವಿರುವ ಜನವರಿಯಲ್ಲಿ ಮಕ್ಸುತೋವಿನ ದಪ್ಪ ಗಾಜು ತಣ್ಣಗಾಗಲು ಮುಕ್ಕಾಲು ಗಂಟೆಯಾದರೂ ಬೇಕು. ಅದರ ಬಾಯಿಗೆ ಇಬ್ಬನಿಯೂ ಬೇಗ ಕೂರುತ್ತದೆ. ಕಪ್ಪು ರಟ್ಟನ್ನೋ ಹಳೆಯ ಯೋಗದ ಚಾಪೆಯ ತುಂಡನ್ನೋ ಕೊಳವೆಯ ಮುಂದೆ ಒಂದು ಗೇಣು ಚಾಚುವಂತೆ ಸುತ್ತಿದರೆ ಗಂಟೆಗಟ್ಟಲೆ ನೋಡಬಹುದು. ಗಾಜನ್ನು ಪಂಚೆಯ ತುದಿಯಿಂದ ಒರೆಸಬೇಡಿ.

ಮಳೆಗಾಲದ ವಿಷಯದಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಒಂದು ವರ್ಷ ಜೂನ್ ಮೊದಲ ವಾರದಲ್ಲಿ ಐಪೀಸುಗಳನ್ನು ಚಂದದ ಚರ್ಮದ ಚೀಲದಲ್ಲಿ ಕಟ್ಟಿ ಕಪಾಟಿನ ತಳಕ್ಕೆ ಇಟ್ಟು, ದಸರಾ ರಜೆಯಲ್ಲಿ ತೆಗೆದೆ. ಚೀಲದ ಒಳಮೈ ಹಸಿರಾಗಿತ್ತು. ಗಾಜಿನ ಮೇಲೆ ಜೇಡರ ಬಲೆಯ ಎಳೆಗಳಂತೆ ಬೂಷ್ಟು ಹರಡಿ ಲೇಪವನ್ನು ತಿಂದಿತ್ತು. ಒರೆಸಿದರೆ ಬೂಷ್ಟು ಹೋಯಿತು, ಗುರುತು ಹೋಗಲಿಲ್ಲ. ಚರ್ಮ, ಬಟ್ಟೆ, ಸ್ಪಂಜು ಯಾವುದೂ ಬೇಡ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟು, ಅವು ಬಣ್ಣ ಬದಲಿಸಿದಾಗ ಬಿಸಿ ಮಾಡಿ ಮರಳಿ ಹಾಕಿ. ಅಥವಾ ಹಳೆಯ ಫೋಟೋ ಸ್ಟುಡಿಯೋದವರು ಕ್ಯಾಮೆರಾಗಳಿಗೆ ಮಾಡುತ್ತಿದ್ದಂತೆ ಚಿಕ್ಕ ಕಪಾಟಿನಲ್ಲಿ ಜೀರೋ ವಾಟ್ ಬಲ್ಬು ಉರಿಸಿ.

ಕಂಪ್ಯೂಟರ್ ಇರುವ ಸ್ಟ್ಯಾಂಡು ಬೇಕೇ ಎಂದು ಮುಂದಿನ ಸಾಲಿನಲ್ಲಿರುವ ತೋಟದ ಯಜಮಾನರೊಬ್ಬರು ಆಗಲೇ ಕೇಳಿದರು: "ಮೇಷ್ಟ್ರೇ, ಅದು ತಾನಾಗಿಯೇ ಹುಡುಕಿ ತೋರಿಸುತ್ತದಂತಲ್ಲ?" ಹುಡುಕುವುದಕ್ಕಾಗಿ ಬೇಡ, ಚಂದ್ರ, ಶುಕ್ರ, ಗುರು ಇವರನ್ನು ಹುಡುಕಲು ಕಣ್ಣು ಸಾಕು. ಆದರೆ 130 ಪಟ್ಟಿನಲ್ಲಿ ಭೂಮಿಯ ತಿರುಗುವಿಕೆಯಿಂದ ಗ್ರಹವು ಸುಮಾರು ಒಂದೂವರೆ ನಿಮಿಷದಲ್ಲಿ ನೋಟದಿಂದ ಜಾರಿಹೋಗುತ್ತದೆ, ಮೂವತ್ತು ಮಕ್ಕಳ ಸಾಲು ನಿಂತಾಗ ಪ್ರತಿ ಮಗುವಿಗೂ ಮತ್ತೆ ಹಿಡಿದು ಕೊಡಬೇಕಾಗುತ್ತದೆ. ಆದ್ದರಿಂದ ಶಾಲೆಗೆ ಕೊಳ್ಳುವವರು ಗ್ರಹವನ್ನು ತಾನೇ ಹಿಂಬಾಲಿಸುವ ಮೋಟಾರಿಗೆ ಹಣ ತೆಗೆದಿಟ್ಟರೆ ತಪ್ಪಲ್ಲ. ಮನೆಗೆ ಕೊಳ್ಳುವವರು ಆ ಹಣವನ್ನು ಒಳ್ಳೆಯ ಐಪೀಸೊಂದಕ್ಕೆ ಹಾಕಲಿ. 8 ಅಥವಾ 9 ಮಿ.ಮೀ.ನದು ಒಂದಿದ್ದರೆ ಬಹಳ ಕಾಲ ಸಾಕಾಗುತ್ತದೆ. ಬೆಲೆಗಳನ್ನು ನಾನು ಹೇಳುವುದಿಲ್ಲ, ಅವು ಡಾಲರಿನ ಜೊತೆ ಏರಿಳಿಯುತ್ತವೆ.

ಶಿಕ್ಷಕರಿಗೆ ಒಂದು ಮಾತು ಗಟ್ಟಿಯಾಗಿ: ಯಾವ ದೂರದರ್ಶಕವನ್ನೂ ಸೂರ್ಯನ ಕಡೆಗೆ ತಿರುಗಿಸಿ ಕಣ್ಣಿಡಬಾರದು. ಹಳೆಯ ಚಿಕ್ಕ ಉಪಕರಣಗಳ ಜೊತೆ ಐಪೀಸಿಗೆ ತಿರುಗಿಸಿ ಹಾಕುವ ಕಪ್ಪು ಗಾಜೊಂದು ಬರುತ್ತಿತ್ತು. ಶಾಖಕ್ಕೆ ಅದು ನೋಡುತ್ತಿರುವಾಗಲೇ ಒಡೆಯಬಹುದು. ನಿಮ್ಮ ಶಾಲೆಯ ಬೀರುವಿನಲ್ಲಿ ಅದು ಇದ್ದರೆ ನಾಳೆಯೇ ಒಡೆದು ಎಸೆಯಿರಿ.

ಶನಿಯ ಮೇಲೆ ಹೆಚ್ಚು ಆಸೆ ಇಟ್ಟುಕೊಂಡವರು ತುಸು ತಾಳ್ಮೆ ತಂದುಕೊಳ್ಳಬೇಕು. 2025ರ ಮಾರ್ಚ್‌ನಲ್ಲಿ ಉಂಗುರಗಳು ಭೂಮಿಗೆ ಅಂಚನ್ನು ಮಾತ್ರ ತೋರಿಸುವಂತೆ ತಿರುಗಿದ್ದವು. ಈಗ ವರ್ಷದಿಂದ ವರ್ಷಕ್ಕೆ ಅಗಲವಾಗಿ ತೆರೆಯುತ್ತಾ 2032ರ ಹೊತ್ತಿಗೆ ಪೂರ್ತಿ ಅರಳುತ್ತವೆ. ಚಂದ್ರನಿಗೆ ಆ ಕಾಯುವಿಕೆ ಇಲ್ಲ, ಹುಣ್ಣಿಮೆಯನ್ನು ಮಾತ್ರ ಬಿಟ್ಟುಬಿಡಿ. ನೆರಳಿಲ್ಲದ ಚಂದ್ರ ಸುಣ್ಣ ಬಳಿದ ಗೋಡೆ. ಶುಕ್ಲ ಸಪ್ತಮಿಯಿಂದ ದಶಮಿಯವರೆಗೆ ನೋಡಬೇಕು.

ಇಂದು ಅಷ್ಟಮಿ. ಬೆಳಕು-ಕತ್ತಲೆಯ ಗಡಿಯ ಹತ್ತಿರ, ಚಂದ್ರನ ದಕ್ಷಿಣಾರ್ಧದಲ್ಲಿ, ಚಾಕುವಿನಿಂದ ಗೀರಿದಂತೆ ನೆಟ್ಟಗಿನ ಒಂದು ಕಪ್ಪುಗೆರೆ ಕಾಣಬೇಕು. ಅದಕ್ಕೆ ನೇರ ಗೋಡೆ ಎಂದೇ ಹೆಸರು. ಸುಮಾರು 110 ಕಿ.ಮೀ. ಉದ್ದಕ್ಕೆ ನೆಲ ಕುಸಿದ ಅಂಚು, ಎತ್ತರ ಕೆಲವು ನೂರು ಮೀಟರ್ ಮಾತ್ರ, ನಮಗೆ ಕಾಣುವ ಕಪ್ಪು ಅದರ ನೆರಳು. ಹೊರಗೆ ಹುಲ್ಲಿನ ಮೇಲೆ ನನ್ನ 102 ಮಿ.ಮೀ. ಮಕ್ಸುತೋವನ್ನೂ, ಆ ಹಳೆಯ 60 ಮಿ.ಮೀ.ನದನ್ನು ಗಟ್ಟಿ ಸ್ಟ್ಯಾಂಡಿಗೆ ಹಾಕಿ ಅದರ ಪಕ್ಕದಲ್ಲೂ ಇಟ್ಟು ಒಂದು ಗಂಟೆಯಾಯಿತು, ಎರಡೂ ತಣ್ಣಗಾಗಿರುತ್ತವೆ. ಮೊದಲು ಹಳೆಯದರಲ್ಲಿ 70 ಪಟ್ಟಿನಲ್ಲಿ ಆ ಗೆರೆಯನ್ನು ಹುಡುಕಿ, ಆಮೇಲೆ ಹೊಸದಕ್ಕೆ ಬನ್ನಿ. ಸ್ಟ್ಯಾಂಡಿಗೆ ಕಾಲು ತಾಗಿಸಬೇಡಿ, ಟಾರ್ಚು ಹಾಕಬೇಡಿ.